ಗೋಡೆ ಮೇಲಿನ ಮೊಣಕೈ

ರಿಗ್ಮೋರಜ್ಜಿಯ ಪಡಸಾಲೆಯ ಗೋಡೆಯ ಮೇಲೆ ಅವಳ ಅಳಿಯ ಆಸ್ಗರ್‌ನ ಮೊಣಕೈ ಮೂವತ್ತು ಚಿಲ್ಲರೆ ವರ್ಷಗಳಿಂದ ನೇತಾಡುತ್ತಿತ್ತು. ಉಳಿದ ಆಸ್ಗರ್ ಚೌಕಟ್ಟಿನ ಹೊರಗಿದ್ದ.

ಅದು ಅವನದೇ ಮದುವೆಯ ಫೋಟೋ. ಮದುಮಗಳು ಇಂಗೆರ್ ಪೂರ್ತಿ ಇದ್ದಳು, ಪಾದ್ರಿ ಪೂರ್ತಿ ಇದ್ದರು, ಪಾದ್ರಿಯ ನಾಯಿ ಬಾಲದ ತುದಿಯವರೆಗೂ ಇತ್ತು. "ಚೌಕಟ್ಟು ಚಿಕ್ಕದು, ಯಾರನ್ನಾದ್ರೂ ಕತ್ತರಿಸ್ಲೇಬೇಕಿತ್ತು" ಎಂದು ಅಜ್ಜಿ ಬಂದವರಿಗೆಲ್ಲ ವಿವರಿಸುತ್ತಿದ್ದಳು. ನಾಯಿಯನ್ನು ಕತ್ತರಿಸಬಹುದಿತ್ತಲ್ಲ ಎಂದು ಯಾರೂ ಕೇಳಿರಲಿಲ್ಲ; ನಾಯಿ ನಿಜಕ್ಕೂ ಚೆನ್ನಾಗಿ ಬಂದಿತ್ತು. ಬೇಸಿಗೆ ಮನೆಯ ಫೋಟೋದಲ್ಲಿ ಆಸ್ಗರ್‌ನ ಟೋಪಿ ಇತ್ತು. ಮಗಳು ಸಿಗ್ನೆಗೆ ಚರ್ಚಿನಲ್ಲಿ ಹೆಸರಿಟ್ಟ ದಿನದ ಫೋಟೋದಲ್ಲಿ ಅವನ ನೆರಳು ಇತ್ತು. ಹೀಗೆ ಕಂತುಕಂತಾಗಿ ಅವನು ಆ ಗೋಡೆಯನ್ನು ಏರಿದ್ದ. ಎಲ್ಲ ಕಂತುಗಳನ್ನು ಕೂಡಿಸಿದರೂ ಒಬ್ಬ ಮನುಷ್ಯ ಆಗುತ್ತಿರಲಿಲ್ಲ.

ಅತ್ತೆ ಅವನನ್ನು ಹೆಸರು ಹಿಡಿದು ಕರೆದದ್ದೂ ಇಲ್ಲ. "ಇಂಗೆರ್ ಗಂಡ ಕಾಫಿ ಕುಡೀತಾನಾ ಕೇಳು" ಎನ್ನುತ್ತಿದ್ದಳು, ಅವನು ಎದುರಿಗೇ ಕೂತಿರುವಾಗ.

ಅಜ್ಜಿಗೆ ತೊಂಬತ್ತು ತುಂಬುವ ವಸಂತದಲ್ಲಿ, ಒಂದು ಭಾನುವಾರ, ಮಕ್ಕಳು ಮೂವರೂ ಊಟಕ್ಕೆ ಸೇರಿದ್ದಾಗ ಅವಳು ಗೋಡೆಯ ಕಡೆ ಫೋರ್ಕು ತೋರಿಸಿದಳು.

"ಗಡಿಯಾರಕ್ಕೂ ನಿಮ್ಮಪ್ಪನಿಗೂ ನಡುವೆ ಒಂದು ಜಾಗ ಉಳಿದಿದೆ. ಅಲ್ಲಿಗೆ ಮರಿಮೊಮ್ಮಗಳು ವಿಗ್ಗಾ. ನಮ್ಮನೆ ಬಿಳಿ ನಿಲುವಂಗಿ ಹಾಕ್ಸಿ ತೆಗೆಸಿ. ಅಲ್ಲಿಗೆ ಗೋಡೆ ಮುಗೀತು. ಆಮೇಲೆ ನಾನೂ ಮುಗೀತೀನಿ."

'ನಿಮ್ಮಪ್ಪ' ಎಂದರೆ ಗೋಡೆಯ ಮೇಲಿದ್ದ ದಿವಂಗತ ವಾಲ್ಡೆಮಾರ್. ಚಳಿಗಾಲದ ಉಣ್ಣೆ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಸಮುದ್ರವನ್ನು ಸಂಶಯದಿಂದ ನೋಡುತ್ತಿದ್ದ. ನಿಲುವಂಗಿಯೋ, ನೂರು ವರ್ಷದ್ದು. ಚರ್ಚಿನಲ್ಲಿ ಹೆಸರಿಡುವಾಗ ಮನೆಯ ಹೆಣ್ಣುಮಕ್ಕಳೆಲ್ಲ ಅದನ್ನೇ ತೊಟ್ಟವರು. ಅದರ ಅಂಚಿನಲ್ಲಿ ರಿಗ್ಮೋರ್, ಟೋವೆ, ಇಂಗೆರ್, ಸಿಗ್ನೆ, ವಿಗ್ಗಾ ಎಂದು ದಾರದಲ್ಲಿ ಹೆಸರುಗಳನ್ನು ಕಸೂತಿ ಮಾಡಿದ್ದರು.

"ಸ್ಟುಡಿಯೋದವರನ್ನ ಕರೆಸೋಣ" ಎಂದಳು ಹಿರಿಮಗಳು ಟೋವೆ.

"ನಾನೇ ತೆಗೀತೀನಿ" ಎಂದ ಆಸ್ಗರ್.

ಬಾಯಿ ತುಂಬ ಹೆರಿಂಗ್ ಮೀನು ಇದ್ದದ್ದರಿಂದ ಅದನ್ನು ಅವನು ಎರಡು ಸಲ ಹೇಳಬೇಕಾಯಿತು. ಊರಿನ ನೀರು ಸರಬರಾಜು ಕಚೇರಿಯಿಂದ ಅವನು ಆಗಷ್ಟೇ ನಿವೃತ್ತನಾಗಿದ್ದ. ಬೀಳ್ಕೊಡುಗೆಗೆ ಕೊಟ್ಟದ್ದು ಒಂದು ಕ್ಯಾಮೆರಾ. ಅಂದಿನಿಂದ ಫೋಬೋರ್ ಬಂದರಿನ ಕಡಲಹಕ್ಕಿಗಳಿಗೆ ನೆಮ್ಮದಿಯಿರಲಿಲ್ಲ. ಅವನು ತೆಗೆದ ಫೋಟೋಗಳಲ್ಲಿ ಕಡಲು ಯಾವಾಗಲೂ ಇರುತ್ತಿತ್ತು. ಹಕ್ಕಿ ಆಗತಾನೇ ಹೋಗಿರುತ್ತಿತ್ತು.

"ಮಗೂಗೆ ಹಾರೋಕೆ ಬರಲ್ಲ, ಅದೊಂದೇ ಸಮಾಧಾನ" ಎಂದ ಇಂಗೆರ್‌ಳ ಅಣ್ಣ ಪ್ರೇಬೆನ್. ಅಂಗಡಿಗಳ ಬೋರ್ಡು ಮುದ್ರಿಸುವುದು ಅವನ ಕಸುಬು. ಆದ್ದರಿಂದ ಕಲೆಯ ಬಗ್ಗೆ ಮಾತಾಡುವ ಹಕ್ಕು ತನಗೆ ಹೆಚ್ಚೆಂದು ತಿಳಿದಿದ್ದ.

ಅಜ್ಜಿ ತುಟಿ ಒರೆಸಿಕೊಂಡಳು. "ತೆಗೀಲಿ ಬಿಡು ಇಂಗೆರ್ ಗಂಡ. ಚೆನ್ನಾಗಿ ಬರದಿದ್ರೆ ಆ ಜಾಗಕ್ಕೆ ಕ್ಯಾಲೆಂಡರ್ ಹಾಕ್ಕೋತೀನಿ."

ಹೀಗೆ ಆ ಗೋಡೆಯ ಕಡೆಯ ಜಾಗಕ್ಕೆ ಆಸ್ಗರನಿಗೂ ಕ್ಯಾಲೆಂಡರಿಗೂ ಸ್ಪರ್ಧೆ ಏರ್ಪಟ್ಟಿತು. ತಾನಂತೂ ಗೋಡೆಗೇರಲಿಲ್ಲ, ತನ್ನ ಕೈಕೆಲಸವಾದರೂ ಏರಲಿ ಎಂದು ಅವನು ಗ್ರಂಥಾಲಯಕ್ಕೆ ಹೋಗಿ, ಮಕ್ಕಳ ಫೋಟೋ ತೆಗೆಯುವ ಬಗೆಗಿನ ದಪ್ಪ ಪುಸ್ತಕವೊಂದನ್ನು ತಂದ. ಅದರಲ್ಲಿ ಎರಡು ಮಾತು ಅವನ ಎದೆಗೆ ನಾಟಿದವು. ಒಂದು: ಮಗುವಿನ ವಿಶ್ವಾಸ ಗೆಲ್ಲಿ. ಇನ್ನೊಂದು: ಮಗುವನ್ನು ನೋಡಬೇಡಿ, ಬೆಳಕನ್ನು ನೋಡಿ.

ಎರಡನೆಯದನ್ನು ಅವನು ಅಕ್ಷರಶಃ ಪಾಲಿಸಿದ. ಮುಂದಿನ ಅನರ್ಥವೆಲ್ಲ ಅಲ್ಲಿಂದಲೇ.

ಆ ವಾರ ಸಿಗ್ನೆ ತರಬೇತಿಗೆಂದು ಕೋಪನ್‌ಹೇಗನ್ನಿಗೆ ಹೋಗಿದ್ದಳು. ಅವಳ ಗಂಡ ನಡುಗಡಲಿನಲ್ಲಿ ಗಾಳಿಯಂತ್ರಗಳ ರಿಪೇರಿಯಲ್ಲಿದ್ದ. ಅವರ ಮಗು ವಿಗ್ಗಾ ಅಜ್ಜಿ ತಾತಂದಿರಾದ ಇಂಗೆರ್, ಆಸ್ಗರ್ ಬಳಿ. ಇಂಗೆರ್ ಕೆಲಸಕ್ಕೆ ಹೋದ ಮೇಲೆ ಆಸ್ಗರ್ ಮಗುವನ್ನು ಉಣ್ಣೆಯಲ್ಲಿ ಸುತ್ತಿ, ಟೋಪಿ ತೊಡಿಸಿ, ತಳ್ಳುಗಾಡಿಯಲ್ಲಿ ಮಲಗಿಸಿ ಬಂದರಿನ ಕಡೆ ಹೊರಟ. ದಾರಿಯಲ್ಲಿ ಮಗು ನಿದ್ದೆಹೋಯಿತು. ಟೋರ್ಕಿಲ್‌ನ ಬೇಕರಿಯ ಕಿಟಕಿಯ ಕೆಳಗೆ ಗಾಡಿ ನಿಲ್ಲಿಸಿ, ಅವನು ಪುಸ್ತಕ ಹಿಡಿದು ಒಳಗೆ ಹೋದ.

ಅಲ್ಲಿ ಆಗಲೇ ಒಂದು ಗಾಡಿ ನಿಂತಿತ್ತು. ಅದು ದಿನಾ ನಿಂತಿರುವುದೇ. ಅದರೊಳಗೆ ಟೋರ್ಕಿಲ್‌ನ ಮಗ ಬೆರ್ಟಿಲ್ ಮಲಗಿರುವುದೂ ದಿನದ ಮಾತೇ. ಊರಿನ ಮಕ್ಕಳೆಲ್ಲ ಹೀಗೆ ಬೀದಿಯ ತಣ್ಣನೆ ಗಾಳಿಯಲ್ಲಿ ಮಲಗುತ್ತವೆ, ದೊಡ್ಡವರು ಒಳಗೆ ಬೆಚ್ಚಗೆ ಕೂತು ಕಾಫಿ ಕುಡಿಯುತ್ತಾರೆ. ಇದು ಮಕ್ಕಳ ಆರೋಗ್ಯಕ್ಕೆ ಒಳ್ಳೆಯದೆಂದು ಕಾಫಿ ಕುಡಿಯುವವರೆಲ್ಲ ಒಪ್ಪುತ್ತಾರೆ. ಗಾಡಿಗಳೂ ಊರಿಗೆಲ್ಲ ಒಂದೇ: ಕಡುನೀಲಿ ಬಣ್ಣ, ದೊಡ್ಡ ಚಕ್ರ, ಕಪ್ಪು ಮುಚ್ಚಳ. ಹಿಂದೊಬ್ಬಳು ಹಳದಿ ಗಾಡಿ ಕೊಂಡಿದ್ದಳು. "ಏನೋ, ದೊಡ್ಡೋರಪ್ಪ" ಎಂದು ಊರು ಅವಳನ್ನು ಎಷ್ಟು ಮೃದುವಾಗಿ ನೋಡಿತೆಂದರೆ, ಅವಳು ಗಾಡಿಯನ್ನು ಮಾರಿ ಕಡುನೀಲಿಯದನ್ನೇ ತಂದಳು.

ಆಸ್ಗರ್ ಕಾಫಿ ಮುಗಿಸಿ, ಒಂದು ದಾಲ್ಚಿನ್ನಿ ಬನ್ನೂ ಮುಗಿಸಿ ಹೊರಬಂದಾಗ ಆಕಾಶ ತಿಳಿಯಾಗಿತ್ತು. ಪುಸ್ತಕದಲ್ಲಿ ಹೇಳಿದ ಬೆಳಕೆಂದರೆ ಇದೇ! ಮೋಡ ಕವಿಯುವ ಮೊದಲು ಮನೆ ಸೇರಬೇಕು ಎಂದು ಆಕಾಶವನ್ನೇ ನೋಡುತ್ತ ಕೈಗೆ ಸಿಕ್ಕ ಹಿಡಿಯನ್ನು ಹಿಡಿದು ತಳ್ಳಿಕೊಂಡು ಹೊರಟ.

ಮನೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಪಿಂಗಾಣಿ ಇಡುವ ಗಾಜಿನ ಬೀರುವಿನ ಮುಂದೆ ಕುರ್ಚಿ, ಕುರ್ಚಿಯ ಮೇಲೆ ದಿಂಬು, ಎದುರಿಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಕಿಂಡಿಯಲ್ಲಿ ನೋಡಲು ಅಡ್ಡಿಯೆಂದು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಉಣ್ಣೆ ಬಟ್ಟೆಯ ಮೇಲೇ ನಿಲುವಂಗಿ ತೊಡಿಸಿ ಮಗುವನ್ನು ಕೂರಿಸಿದ. ವಿಗ್ಗಾ ಸಾಮಾನ್ಯವಾಗಿ ತಾತನನ್ನು ಕ್ಯಾಮೆರಾ ಸಮೇತ ಕಂಡರೆ ಬೆಂಕಿ ನಂದಿಸುವವರು ಬರುವ ಹಾಗೆ ಕಿರುಚುತ್ತಿದ್ದಳು. ಇಂದು ಸದ್ದಿಲ್ಲ.

"ವಿಶ್ವಾಸ ಗೆದ್ದೆ!" ಎಂದುಕೊಂಡ ಆಸ್ಗರ್.

ನಗಿಸಲೆಂದು ತಲೆಗೆ ಜರಡಿ ಕವುಚಿಕೊಂಡ, ಎರಡು ಸೌಟು ಹಿಡಿದು ತಾಳ ಹಾಕಿದ, ಮೀನಿನ ಹಾಗೆ ಬಾಯಿ ಮಾಡಿದ. ಮಗು ಅವನನ್ನು ಬಹಳ ಹೊತ್ತು ಪರೀಕ್ಷಿಸಿ, ಆಮೇಲೆ ಕನಿಕರಗೊಂಡ ಹಾಗೆ ಅಗಲವಾಗಿ ನಕ್ಕಿತು. ನಗು ಕಂಡೊಡನೆ ತೆಗೆಯುವಂತೆ ಹೊಂದಿಸಿಟ್ಟಿದ್ದ ಕ್ಯಾಮೆರಾ ತಾನಾಗಿಯೇ ಕ್ಲಿಕ್ಕೆಂದಿತು. ನಿನ್ನೆ ಕಂಡ ಎರಡು ಹಲ್ಲು ಈ ಹೊತ್ತು ಕಾಣುತ್ತಿರಲಿಲ್ಲ. ಅಲ್ಲಿಗೆ ಬೆಳಕು ಸಾಲದು ಎಂದು ಅವನು ತೀರ್ಮಾನಿಸಿದ.

ಫೋಟೋ ಅದ್ಭುತವಾಗಿ ಬಂದಿತ್ತು. ತಲೆ ಇತ್ತು, ಕಾಲು ಇತ್ತು, ಅಂಚಿನ ಹೆಸರುಗಳೂ ಓದುವ ಹಾಗಿದ್ದವು. ಅವನು ಅಲ್ಲೇ ನಿಂತು ಬಂಧುಗಳಿಗೆಲ್ಲ ಕಳಿಸಿಬಿಟ್ಟ; ಸಿಗ್ನೆಗೆ ಮಾತ್ರ ಇಲ್ಲ. ಮಗಳು ಹುಟ್ಟುಹಬ್ಬದ ದಿನ ನೋಡಿ ಬೆರಗಾಗಲಿ ಎಂದು.

ಫೋನು ಒಂದೇ ಸಮನೆ ಗುಂಯ್‌ಗುಟ್ಟತೊಡಗಿತು.

"ಅಪ್ಪನ ಕಿವಿ! ಅಪ್ಪನೇ ಬಂದು ಕೂತ ಹಾಗಿದೆ. ಅಳು ತಡೆಯೋಕಾಗ್ತಿಲ್ಲ" ಎಂದು ಟೋವೆ.

"ಗಲ್ಲ ನಂದು. ಇದರಲ್ಲಿ ವಾದ ಬೇಡ" ಎಂದು ಪ್ರೇಬೆನ್.

"ಹಣೆ ನಮ್ಮ ಕಡೇದು" ಎಂದು ನಾರ್ವೆಯಲ್ಲಿದ್ದ ದೂರದ ನೆಂಟ. ಹತ್ತು ವರ್ಷದಿಂದ ಅವನು ಬದುಕಿದ್ದಾನೋ ಇಲ್ಲವೋ ಎಂಬುದೇ ಯಾರಿಗೂ ಖಚಿತವಿರಲಿಲ್ಲ.

ಈ ಸಂಭ್ರಮದ ನಡುವೆ ಕುರ್ಚಿಯ ಕಡೆಯಿಂದ ಒಂದು ವಾಸನೆ ಬಂತು. ಆಸ್ಗರ್ ಮಗುವನ್ನು ಎತ್ತಿ ಮೇಜಿನ ಮೇಲೆ ಮಲಗಿಸಿ ಡಯಪರ್ ಬಿಚ್ಚಿದ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಒರೆಸಿದ್ದರಿಂದ ಏನೂ ಬದಲಾಗಲಿಲ್ಲ. ಮೊಮ್ಮಗಳು ಗಂಡಾಗಿದ್ದಳು.

ಇದನ್ನು ಇಂಗೆರ್‌ಗೆ ಹೇಗೆ ಹೇಳುವುದು ಎಂಬುದು ಅವನಿಗೆ ಮೊದಲು ಬಂದ ಯೋಚನೆ. ಮಗು ಬದಲಾಗಿದೆ ಎಂಬುದು ಎರಡನೆಯದು.

ಡಯಪರ್ ಬದಲಿಸಿ, ನಿಲುವಂಗಿ ಕಳಚಿ, ಗಾಡಿ ತಳ್ಳಿಕೊಂಡು ಅವನು ಓಡಿದ ವೇಗವನ್ನು ಬಂದರಿನ ಮೀನುಗಾರರು ಇಂದಿಗೂ ನೆನೆಸುತ್ತಾರೆ. ಬೇಕರಿಯ ಕಿಟಕಿಯ ಕೆಳಗೆ ಇನ್ನೊಂದು ಗಾಡಿ ತಣ್ಣಗೆ ನಿಂತಿತ್ತು. ಒಳಗೆ ವಿಗ್ಗಾ ಕಣ್ಣು ತೆರೆದಳು, ತಾತನನ್ನು ಕಂಡಳು, ಎರಡೂ ಹಲ್ಲು ತೋರಿಸಿ ಕಿರುಚಿದಳು. ಅಷ್ಟು ಇಂಪಾದ ಸ್ವರವನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

ಬೇಕರಿಯವನ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಬಂದಳು. "ಅಯ್ಯೋ, ಪುಟ್ಟಿ ಎದ್ದುಬಿಟ್ಲಾ? ನಮ್ಮೋನನ್ನ ನೋಡಿ, ಬೆಳಗ್ಗಿಂದ ಇಟ್ಟ ಜಾಗ ಬಿಟ್ಟು ಕದಲಿಲ್ಲ."

"ಒಳ್ಳೆ ಹುಡುಗ" ಎಂದ ಆಸ್ಗರ್. ಸತ್ಯವನ್ನೇ ಹೇಳಿದ.

ಸಂಜೆ ಇಂಗೆರ್ ಮನೆಗೆ ಬಂದವಳು ಕೋಟು ಬಿಚ್ಚುವ ಮೊದಲೇ ಫೋನು ಮುಂದೆ ಹಿಡಿದಳು. "ಆಸ್ಗರ್. ಯಾರು ಇದು?"

"ಲೆನ್ಸು ಸ್ವಲ್ಪ ಅಗಲ, ಅದಕ್ಕೆ ಕೆನ್ನೆ..."

"ಲೆನ್ಸು ಹಲ್ಲು ಕೀಳತ್ತಾ?"

ಅವನು ಎಲ್ಲವನ್ನೂ ಒಪ್ಪಿಕೊಂಡ. ಇಂಗೆರ್ ಕೋಟು ಬಿಚ್ಚಿ ಕೂತಳು. "ಈಗಲೇ ಎಲ್ಲರಿಗೂ ಹೇಳ್ಬಿಡ್ತೀನಿ" ಎಂದು ಫೋನು ತೆಗೆಯುವಷ್ಟರಲ್ಲಿ ಅದೇ ಬಡಿದುಕೊಂಡಿತು. ಟೋವೆ. ಇಂಗೆರ್ "ಅಕ್ಕಾ, ಕೇಳು" ಎಂದು ಶುರುಮಾಡಿ, ಸುಮ್ಮನಾಗಿ, "ಹೌದಾ?" ಎಂದಳು, "ನಿಜವಾಗ್ಲೂ?" ಎಂದಳು, ಕೊನೆಗೆ ಮೆಲ್ಲಗೆ ಫೋನು ಕೆಳಗಿಟ್ಟಳು.

"ಏನಂತೆ?"

"ನಗು ನಂದಂತೆ." ಇಂಗೆರ್ ಕನ್ನಡಿಯ ಕಡೆ ನೋಡಿದಳು. "ಸಿಗ್ನೆ ಹುಟ್ಟಿದಾಗಿಂದ ಅಕ್ಕ 'ನಿನ್ನ ಕಡೇದು ಒಂದೂ ಬಂದಿಲ್ಲ ಬಿಡೆ' ಅಂತಾನೇ ಇದ್ಲು. ಇವತ್ತು ತಾನಾಗೇ ಹೇಳಿದ್ಲು. ಅಮ್ಮನೂ ನೋಡಿ ಹೂಂ ಅಂದಳಂತೆ."

"ಮತ್ತೆ ನೀನು ಹೇಳ್ತೀನಿ ಅಂದಿದ್ದು?"

"ಏನು ಹೇಳೋದು?"

"ನಾಳೆ ವಿಗ್ಗಾನ ಕೂರಿಸಿ ಇನ್ನೊಂದು ತೆಗೀತೀನಿ."

"ಅದರಲ್ಲಿ ನಗು ಬರತ್ತೆ ಅಂತ ಏನು ಗ್ಯಾರಂಟಿ? ಸುಮ್ನಿರು ಆಸ್ಗರ್. ಮಕ್ಕಳು ಬೆಳೀತಾವೆ. ವರ್ಷ ಕಳೆದ್ಮೇಲೆ ಯಾವ ಮಗು ತನ್ನ ಫೋಟೋ ಥರ ಇರತ್ತೆ?"

ಚಿಕ್ಕ ಚೌಕಟ್ಟು ಹಾಕಿಸಿ, ಗಡಿಯಾರದ ನೆರಳಿಗೆ ಸರಿಸಿ ನೇತುಹಾಕುವುದೆಂದು ಗಂಡ ಹೆಂಡತಿ ಗೊತ್ತುಮಾಡಿಕೊಂಡರು. ಆದರೆ ಬೋರ್ಡು ಮುದ್ರಿಸುವ ಭಾವಮೈದ ಇರುವ ಮನೆಯಲ್ಲಿ ಚಿಕ್ಕದು ಎಂಬುದು ಯಾವುದೂ ಇರುವುದಿಲ್ಲ.

ಹುಟ್ಟುಹಬ್ಬದ ದಿನ ವಾಡಿಕೆಯಂತೆ ಅಂಗಳದಲ್ಲಿ ದೇಶದ ಕೆಂಪು ಬಿಳಿ ಬಾವುಟ ಹಾರುತ್ತಿತ್ತು, ಒಳಗೆ ಮೇಜಿನ ಉದ್ದಕ್ಕೂ ಪುಟ್ಟ ಬಾವುಟಗಳು ನಿಂತಿದ್ದವು, ಗೋಡೆಗೆ ಒರಗಿ ಬಾಗಿಲಿನಷ್ಟು ಎತ್ತರದ ಚೌಕಟ್ಟೊಂದು ಹಾಸುಬಟ್ಟೆ ಹೊದ್ದು ನಿಂತಿತ್ತು. ಆಸ್ಗರ್ ಅದನ್ನು ನೋಡಿ ಕೂತ.

"ಇಷ್ಟೇ ಅಲ್ಲ," ಎಂದಳು ಟೋವೆ ಪಕ್ಕಕ್ಕೆ ಬಾಗಿ, "ಕೇಕಿನ ಮೇಲೂ ಅದೇ ಫೋಟೋ ಸಕ್ಕರೇಲಿ ಹಾಕ್ಸಿದೀನಿ. ಟೋರ್ಕಿಲ್ ಬೇಕರೀಲಿ."

ಆಸ್ಗರನ ಫೋರ್ಕಿನಿಂದ ಹೆರಿಂಗ್ ಜಾರಿತು. "ಟೋರ್ಕಿಲ್ ಏನಾದ್ರೂ ಅಂದ್ನಾ?"

"ಏನೂ ಇಲ್ಲ. ಫೋಟೋನ ಬಹಳ ಹೊತ್ತು ನೋಡ್ದ. 'ಕೇಕು ನಾನೇ ತರ್ತೀನಿ' ಅಂದ. ಅವನಿಗೂ ಮನಸ್ಸು ತುಂಬಿ ಬಂತು ಅಂತ ಕಾಣತ್ತೆ."

ಅಷ್ಟರಲ್ಲಿ ಕೋಪನ್‌ಹೇಗನ್ನಿನಿಂದ ನೇರ ಬಂದಿಳಿದ ಸಿಗ್ನೆ ಮಗಳನ್ನು ಎತ್ತಿಕೊಂಡು ನಿಂತಳು. ಪ್ರೇಬೆನ್ ಬಟ್ಟೆ ಎಳೆದ. ಬಾಗಿಲಿನಷ್ಟು ದೊಡ್ಡ ಮಗು ಎಲ್ಲರನ್ನೂ ನೋಡಿ ನಕ್ಕಿತು. ಜನ ಚಪ್ಪಾಳೆ ತಟ್ಟಿದರು.

"ಇದು ವಿಗ್ಗಾ ಅಲ್ಲ" ಎಂದಳು ಸಿಗ್ನೆ.

"ದಿನಾ ನೋಡೋರಿಗೆ ಗೊತ್ತಾಗಲ್ಲ ಕಣೆ" ಎಂದಳು ಟೋವೆ.

"ನಾನು ಇವಳ ತಾಯಿ, ದೊಡ್ಡಮ್ಮ!"

"ಅದೇ ಹೇಳ್ತಿರೋದು" ಎಂದ ಪ್ರೇಬೆನ್. "ತಾಯಿ ಅಂದ್ಮೇಲೆ ತೀರಾ ಹತ್ತಿರದಿಂದ ನೋಡಿರ್ತೀಯ. ನನ್ನ ಕೆಲಸನ ಯಾವಾಗ್ಲೂ ರಸ್ತೆ ಆ ಕಡೆಯಿಂದ ನೋಡ್ಬೇಕು."

"ಹಲ್ಲೆಲ್ಲಿ?"

ಸಾಕ್ಷಿ ನುಡಿಯುವಂತೆ ವಿಗ್ಗಾ ಎರಡು ಹಲ್ಲು ತೋರಿಸಿ ಅತ್ತಳು. ಯಾರೂ ಆ ಕಡೆ ನೋಡಲಿಲ್ಲ, ಹಾಡು ಶುರುವಾಗಿತ್ತು. ಹುಟ್ಟುಹಬ್ಬವೆಂದರೆ ಮನೆಯವರೇ ಕಟ್ಟಿದ ಹಾಡೊಂದು ಇರಲೇಬೇಕು. ಟೋವೆ ಕಟ್ಟಿದ ಹಾಡಿನಲ್ಲಿ ವಾಲ್ಡೆಮಾರ್‌ನ ಕಿವಿಗೆ ಒಂದು ಚರಣ, ಪ್ರೇಬೆನ್‌ನ ಗಲ್ಲಕ್ಕೆ ಒಂದು, ನಾರ್ವೆಯ ಹಣೆಗೆ ಅರ್ಧ ಇದ್ದವು. ಕಿವಿಯ ಚರಣದಲ್ಲಿ ಎಲ್ಲರೂ ಎದ್ದುನಿಂತು ಹಾಡುತ್ತಿರುವಾಗ ಬಾಗಿಲು ತೆರೆಯಿತು. ಎರಡೂ ಕೈಯಲ್ಲಿ ಕೇಕು ಹಿಡಿದು, ಎದೆಗೆ ಕಟ್ಟಿದ ಚೀಲದಲ್ಲಿ ಬೆರ್ಟಿಲ್‌ನನ್ನು ಕೂರಿಸಿಕೊಂಡು ಟೋರ್ಕಿಲ್ ನಿಂತಿದ್ದ.

ಹಾಡು ಒಂದೊಂದೇ ಗಂಟಲಾಗಿ ನಿಂತಿತು. ಕಣ್ಣು ಮುಚ್ಚಿ ಹಾಡುವ ಅಭ್ಯಾಸದ ಪ್ರೇಬೆನ್ ಮಾತ್ರ ಒಬ್ಬನೇ ಒಂದು ಸಾಲು ಮುಂದೆ ಹೋಗಿದ್ದ.

"ಹುಟ್ಟುಹಬ್ಬದ ಶುಭಾಶಯ ಅಜ್ಜಿ" ಎಂದ ಟೋರ್ಕಿಲ್ ಮೆತ್ತಗೆ. ಜೋರಾಗಿ ಮಾತಾಡಿದರೆ ಹಿಟ್ಟು ಕುಸಿಯುತ್ತದೆಂದು ಭಯಪಡುವ ಮನುಷ್ಯ. "ಕೇಕು ಎಲ್ಲಿಡ್ಲಿ? ಆಮೇಲೆ, ಬೇಜಾರು ಮಾಡ್ಕೋಬೇಡಿ, ಒಂದು ವಿಷಯ ಕೇಳ್ಬೇಕಿತ್ತು. ನನ್ನ ಮಗ ನಿಮ್ಮ ಕೇಕಿನ ಮೇಲೆ ಯಾಕಿದಾನೆ? ಅದೂ ಫ್ರಾಕ್ ಹಾಕ್ಕೊಂಡು?"

ಕೇಕಿನ ಮೇಲೊಂದು, ಗೋಡೆಯ ಬಳಿಯೊಂದು, ಚೀಲದಲ್ಲೊಂದು. ಮೂರೂ ಒಂದೇ ಮುಖ. ಬೇರೆ ಯಾವ ಮನೆಯವರಾದರೂ ಇಷ್ಟರಿಂದ ನಿಜ ತಿಳಿದುಕೊಳ್ಳುತ್ತಿದ್ದರು. ಆದರೆ ಟೋವೆ ಆ ಕಿವಿಗಾಗಿ ಅತ್ತಿದ್ದಳು. ಪ್ರೇಬೆನ್ ಆ ಗಲ್ಲವನ್ನು ಬಾಗಿಲಿನಷ್ಟು ಮುದ್ರಿಸಿದ್ದ. ಪ್ರಾಸವೂ ಕೂಡಿಬಂದಿತ್ತು. ಪ್ರಾಸ ಕೂಡಿದ ಮೇಲೆ ಸುಳ್ಳೆನ್ನುವುದು ಹೇಗೆ?

"ಟೋರ್ಕಿಲ್," ಎಂದಳು ಟೋವೆ ನಿಧಾನವಾಗಿ, "ಸ್ವಲ್ಪ ಈ ಕಡೆ ತಿರುಗು."

ಅವನು ತಿರುಗಿದ. ಅವನಿಗೂ ಕಿವಿಗಳಿದ್ದವು.

"ಅಯ್ಯೋ ದೇವರೇ. ಅಪ್ಪ!"

"ಯಾರು?" ಎಂದ ಟೋರ್ಕಿಲ್.

"ಬೇಕರಿ ಶುರು ಮಾಡಿದ್ದು ನಿಮ್ಮಜ್ಜಿ ಥೂರಾ ಅಲ್ವಾ? ಒಬ್ಬರೇ ಇದ್ರಾ?"

"ತಾತ ಹಡಗಿನಲ್ಲಿದ್ರು. ವರ್ಷಕ್ಕೊಂದ್ಸಲ ಬರ್ತಿದ್ರು."

"ವರ್ಷಕ್ಕೊಂದ್ಸಲ" ಎಂದು ಟೋವೆ ಇಡೀ ಕೋಣೆಗೆ ಪುನರುಚ್ಚರಿಸಿದಳು. ಎಲ್ಲರೂ ಗೋಡೆಯ ಮೇಲಿನ ವಾಲ್ಡೆಮಾರ್‌ನತ್ತ ತಿರುಗಿದರು.

"ಮುಚ್ಕೊಂಡಿದಾನೆ ನೋಡಿ ಕಿವೀನ!" ಎಂದ ಪ್ರೇಬೆನ್. "ಬೇಕಂತಲೇ ಮುಚ್ಕೊಂಡಿದಾನೆ!"

ಆಸ್ಗರ್ ಎದ್ದ. ನಿಜ ಹೇಳಿದರೆ ಆ ಜಾಗ ಕ್ಯಾಲೆಂಡರಿಗೆ ಹೋಗುತ್ತದೆ, ತಾನು ಸಾಯುವವರೆಗೂ ಮೊಣಕೈಯಾಗಿಯೇ ಉಳಿಯುತ್ತೇನೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ತೊಂಬತ್ತರ ಮುದುಕಿಯ ಎದುರಿಗೆ, ಅವಳದೇ ಹಬ್ಬದ ದಿನ, ಸತ್ತ ಗಂಡನ ತಲೆಗೆ ಇಡೀ ಬೇಕರಿಯನ್ನೇ ಕಟ್ಟುತ್ತಿದ್ದರು. ಇಂಗೆರ್ ಮೇಜಿನ ಕೆಳಗಿನಿಂದ ಒದ್ದಳು. ಅವನು ಕಾಲು ಸರಿಸಿಕೊಂಡ.

"ಮಾವನ ತಪ್ಪಿಲ್ಲ. ತಪ್ಪು ನಂದು. ಬೇಕರಿ ಹತ್ರ ಗಾಡಿ ಅದಲುಬದಲಾಯ್ತು. ಬೇರೆ ಮಗೂನ ತಂದು ಫೋಟೋ ತೆಗೆದೆ."

ಪ್ರೇಬೆನ್ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಅವನ ಕಣ್ಣು ಒದ್ದೆಯಾಗಿತ್ತು.

"ಸಾಕು ಕಣೋ. ನಿನಗೆ ಎಲ್ಲ ಮೊದಲೇ ಗೊತ್ತಿತ್ತು. ಅದಕ್ಕೇ ಆ ಮಗೂಗೆ ನಮ್ಮನೆ ಅಂಗಿ ತೊಡಿಸ್ದೆ. ಈಗ ಮನೆ ಮರ್ಯಾದೆಗೆ ಅಂತ ತಪ್ಪೆಲ್ಲ ನಿನ್ನ ಮೇಲೆ ಹಾಕ್ಕೋತಿದೀಯ."

"ಇಲ್ಲ! ನಿಜವಾಗ್ಲೂ ಗಾಡಿ..."

"ಸ್ವಂತ ಮೊಮ್ಮಗಳನ್ನ ಗುರುತು ಹಿಡೀದೇ ಇರೋನು ಯಾರಿದಾನೆ ಪ್ರಪಂಚದಲ್ಲಿ?"

"ನಾನಿದೀನಿ!" ಆಸ್ಗರ್ ಕೂಗಿದ. "ನಾನು ಗುರುತು ಹಿಡೀಲಿಲ್ಲ! ಕನ್ನಡಕ ತೆಗೆದಿದ್ದೆ! ಬೆಳಕು ನೋಡ್ತಿದ್ದೆ!"

"ಎಂಥಾ ದೊಡ್ಡ ಮನಸ್ಸು" ಎಂದು ಟೋವೆ ಕರವಸ್ತ್ರ ಹುಡುಕಿದಳು.

"ಹಾಗಾದ್ರೆ ನಾವು ನೆಂಟರಾ?" ಎಂದು ಕೇಳಿದ ಟೋರ್ಕಿಲ್. ಅವನಿಗೊಂದು ಕುರ್ಚಿ ಬಂತು, ಗುಟುಕು ಸ್ನಾಪ್ಸ್ ಮದ್ಯ ಬಂತು, ಎರಡೂ ಕಡೆಯಿಂದ ಅಪ್ಪುಗೆ ಬಂತು. ಬೆರ್ಟಿಲ್ ಕೈಯಿಂದ ಕೈಗೆ ದಾಟುತ್ತ ಹೋದ. ಹೋದಲ್ಲೆಲ್ಲ ಅವನಲ್ಲಿ ಹೊಸ ಹೊಸ ಹೋಲಿಕೆಗಳು ಹುಟ್ಟಿದವು. ಸಿಗ್ನೆ ತನ್ನ ಮಗಳನ್ನು ಬಿಗಿಯಾಗಿ ಹಿಡಿದು ಮೂಲೆಗೆ ಸರಿದಳು.

ಇಷ್ಟು ಹೊತ್ತೂ ರಿಗ್ಮೋರಜ್ಜಿ ಒಂದು ಮಾತೂ ಆಡಿರಲಿಲ್ಲ. ಈಗ ಕೋಲೂರಿ ಎದ್ದು ಆ ದೊಡ್ಡ ಫೋಟೋದ ಹತ್ತಿರ ಹೋದಳು. ಮೂಗು ತಾಗುವಷ್ಟು ಬಾಗಿ, ಮಗುವನ್ನಲ್ಲ, ಮಗುವಿನ ಹಿಂದೆ ಏನನ್ನೋ ನೋಡಿದಳು. ಅವಳ ಭುಜ ಕುಲುಕಿತು. ಅಳುತ್ತಿದ್ದಾಳೆಂದು ಎಲ್ಲರೂ ತಲೆ ತಗ್ಗಿಸಿದರು.

"ಎಲ್ಲಾ ಅಂಗಳಕ್ಕೆ ಹೋಗಿ ಕಾಫಿ ಕುಡೀರಿ" ಎಂದಳು ತಿರುಗದೆಯೇ. "ಕೇಕು ಕತ್ತರಿಸಿ. ಕಿವಿ ಟೋವೆಗೆ ಕೊಡಿ. ಆಸ್ಗರ್ ಇಲ್ಲಿರ್ಲಿ."

ಆಸ್ಗರ್ ಯಾರೆಂದು ಆಸ್ಗರನೂ ಒಂದು ಕ್ಷಣ ಸುತ್ತ ನೋಡಿದ.

ಕೋಣೆ ಖಾಲಿಯಾದ ಮೇಲೆ ಅಜ್ಜಿ ಕುರ್ಚಿಗೆ ಕುಸಿದು ಕಣ್ಣೊರೆಸಿಕೊಂಡಳು. ಅವಳು ಅತ್ತಿರಲಿಲ್ಲ.

"ಗಾಡಿ ಅದಲುಬದಲಾಯ್ತು, ಅಲ್ವಾ?"

"ಹೌದು ಅತ್ತೆ."

"ಫೋನಲ್ಲಿ ನೋಡಿದಾಗಲೇ ಗೊತ್ತಾಯ್ತು. ವಿಗ್ಗಾ ನಿನ್ನ ಮುಖ ನೋಡಿ ನಗೋದುಂಟಾ?"

"ಮತ್ತೆ ಯಾಕೆ ಸುಮ್ನಿದ್ರಿ?"

"ತೊಂಬತ್ತು ಹುಟ್ಟುಹಬ್ಬ ಆಯ್ತು, ಇಷ್ಟು ಚೆನ್ನಾಗಿರೋದು ಒಂದೂ ಆಗಿರ್ಲಿಲ್ಲ. ಬಾ ಇಲ್ಲಿ, ನೋಡಿದೀಯ ಇದನ್ನ?"

ಮಗುವಿನ ಹಿಂದಿನ ಬೀರುವಿನ ಗಾಜಿನಲ್ಲಿ, ಪಿಂಗಾಣಿ ತಟ್ಟೆಗಳ ನಡುವೆ, ಒಬ್ಬ ಮನುಷ್ಯ ನಿಂತಿದ್ದ. ತಲೆಯ ಮೇಲೆ ಜರಡಿ, ಎತ್ತಿದ ಕೈಗಳಲ್ಲಿ ಸೌಟು, ಬಾಯಿ ಮೀನಿನದು. ಫೋನಿನಲ್ಲಿ ಚುಕ್ಕಿಯಂತಿದ್ದವನು ಪ್ರೇಬೆನ್‌ನ ದೊಡ್ಡಸ್ತಿಕೆಯಿಂದಾಗಿ ಈಗ ಮೊಳದುದ್ದ ಆಗಿದ್ದ. ಜರಡಿಯ ಹಿಡಿಯಿಂದ ಚಪ್ಪಲಿಯ ತುದಿಯವರೆಗೆ, ಎರಡು ಮೊಣಕೈ ಸಮೇತ, ಪೂರ್ತಿ ಆಸ್ಗರ್.

"ಪಾದ್ರಿ ನಾಯಿಗಿಂತ ಚೆನ್ನಾಗಿ ಬಂದಿದೀಯ" ಎಂದಳು ಅಜ್ಜಿ. "ಹಾಕು ಗೋಡೆಗೆ."

ಆಸ್ಗರ್ ಅಳತೆ ಮಾಡುವ ನೆಪದಲ್ಲಿ ಮುಖ ತಿರುಗಿಸಿಕೊಂಡ. "ಜಾಗ ಸಾಲಲ್ಲ ಅತ್ತೆ. ಗಡಿಯಾರ ತೆಗೀಲಾ?"

"ಗಡಿಯಾರ ಇರ್ಲಿ. ಅವನನ್ನ ಇಳಿಸು."

"ಮಾವನನ್ನಾ?" ಆಸ್ಗರ್ ಕುರ್ಚಿ ಹತ್ತಿ, ವಾಲ್ಡೆಮಾರ್‌ನನ್ನು ಮೊಳೆಯಿಂದ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತ. "ಇವರೇನು ಮಾಡಿದ್ರು ಅತ್ತೆ? ಗಾಡಿ ಬದಲಾಗಿದ್ದಷ್ಟೇ ಅಂತ ನಿಮಗೆ ಗೊತ್ತಲ್ಲ."

"ಗೊತ್ತು. ಗಾಡಿ ಬದಲಾಗಿದ್ದೇ ನಿಜ." ಅಜ್ಜಿ ಕಿಟಕಿಯಾಚೆ ಅಂಗಳದಲ್ಲಿ ಕೇಕು ತಿನ್ನುತ್ತಿದ್ದ ಟೋರ್ಕಿಲ್‌ನ ಕಡೆ ನೋಡಿದಳು. "ಆದ್ರೆ ಟೋವೆ ಹೇಳಿದ್ಮೇಲೆ ನೆನಪಾಯ್ತು. ನಿಮ್ಮ ಮಾವ ದಿನಾ ಬೆಳಗ್ಗೆ ಎದ್ದು ಥೂರಾ ಬೇಕರಿಗೆ ಬ್ರೆಡ್ ತರೋಕೆ ಹೋಗ್ತಿದ್ದ. ಮಳೆ, ಹಿಮ, ಏನಿದ್ರೂ ತಪ್ಪಿಸ್ತಿರ್ಲಿಲ್ಲ."

"ಅದರಲ್ಲೇನಿದೆ ಅತ್ತೆ? ಮನೆಗೆ ಬ್ರೆಡ್ ಬೇಕಲ್ಲ."

"ಬ್ರೆಡ್ ನಾನು ಮನೇಲೇ ಮಾಡ್ತಿದ್ದೆ ಕಣಪ್ಪ."

ಆಸ್ಗರ್ ಕೈಯಲ್ಲಿದ್ದ ಫೋಟೋದ ಕಡೆ ನೋಡಿದ. ವಾಲ್ಡೆಮಾರ್ ಟೋಪಿಯನ್ನು ಕಿವಿಯ ಮೇಲೆ ಇನ್ನೂ ಒಂದಿಷ್ಟು ಎಳೆದುಕೊಂಡ ಹಾಗೆ ಅವನಿಗೆ ಕಂಡಿತು.